ಹಂದಿ ಗುಂಡು, ಜಿಂಕೆಯ ತುತ್ತು

ನಗುವವರು ಈಗಲೇ ನಕ್ಕುಬಿಡಿ, ಆಮೇಲೆ ಸುಮ್ಮನೆ ಕೇಳಿ. ಇದು ನನ್ನ ದೊಡ್ಡಪ್ಪನ ಮಗ ಯೆರ್ನೆಯ್‌ಗೆ ಆದದ್ದು. ಅವನು ಹೇಳುವುದರಲ್ಲಿ ಅರ್ಧ ಒಗ್ಗರಣೆ ಅಂತ ನನಗೂ ಗೊತ್ತು. ಇದೊಂದನ್ನು ಮಾತ್ರ ಅವನು ನಗುತ್ತಾ ಹೇಳಿದ್ದೇ ಇಲ್ಲ.

ಒಂದು ರಾತ್ರಿ ನಮ್ಮೂರ ಮೇಲಿನ ಕೊಚೆವ್ಯೆ ಕಾಡಿನಿಂದ ಇಳಿದು ಬರುತ್ತಿದ್ದ. ಹೆಗಲಲ್ಲಿ ಕೋವಿ, ಟೋಪಿಯಲ್ಲಿ ರಕ್ತ ಅದ್ದಿದ, ಸೂಜಿ ಎಲೆಯ ಫರ್ ಮರದ ಕುಡಿ. ನಮ್ಮಲ್ಲಿ ಬೇಟೆ ಬಿದ್ದರೆ ಮೊದಲು ಒಂದು ಕುಡಿ ಅದರ ಬಾಯಿಗಿಡಬೇಕು, ಕೊನೇ ತುತ್ತು ಅಂತ. ಆಮೇಲೆ ಇನ್ನೊಂದು, ಅದರ ರಕ್ತ ತಾಗಿಸಿ, ಹೊಡೆದವನ ಟೋಪಿಗೆ. ಯೆರ್ನೆಯ್ ಟೋಪಿಗೇನೋ ಸಿಕ್ಕಿಸಿಕೊಂಡಿದ್ದ. ತುತ್ತು ಕೊಡೋಣ ಅಂದರೆ ಜಿಂಕೆಯೇ ಸಿಕ್ಕಿರಲಿಲ್ಲ.

ಆದದ್ದಿಷ್ಟು. ಜೋಳದ ಹೊಲಕ್ಕೆ ನುಗ್ಗುವ ಹಂದಿಗೆಂದು ಸಂಜೆ ಅಟ್ಟಣೆ ಹತ್ತಿ ಕೂತಿದ್ದ. ಕೋವಿಯಲ್ಲಿ ಹಂದಿ ಗುಂಡು. ಬಂದದ್ದು ಗಂಡು ಜಿಂಕೆ. ಅವನಿಗೆ ಬೇಟೆ ಕಲಿಸಿದ ಸೋದರಮಾವ ಸ್ತಾನೆ ನೂರು ಸಲ ಹೇಳಿದ್ದರು: ಹಂದಿಗೆ ಗಟ್ಟಿ ಗುಂಡು, ಅದರ ದಪ್ಪ ಚರ್ಮ, ಭುಜದ ಮೂಳೆ ಸೀಳಿಕೊಂಡು ಹೋದರೂ ಒಡೆಯಲ್ಲ. ಜಿಂಕೆಗೆ ಮೆತ್ತನೆ ತುದಿಯದು, ಒಳಹೊಕ್ಕ ಕೂಡಲೇ ಅಣಬೆ ಹಾಗೆ ಅರಳಿ ಅಲ್ಲೇ ಮಲಗಿಸುತ್ತೆ. ಹಂದಿ ಗುಂಡನ್ನು ಜಿಂಕೆಗೆ ಹೊಡೆದರೆ ದಬ್ಬಳ ಚುಚ್ಚಿದ ಹಾಗೆ ಈ ಕಡೆಯಿಂದ ಆ ಕಡೆ ಪಾರು.

"ತಾನು ಸತ್ತೆ ಅಂತ ಅದಕ್ಕೇ ಗೊತ್ತಾಗಲ್ಲ ಕಣೋ. ಓಡ್ತಾನೇ ಇರುತ್ತೆ," ಅನ್ನುತ್ತಿದ್ದರು.

ಆಸೆ ಕೇಳಬೇಕಲ್ಲ... ಹೊಡೆದ. ಜಿಂಕೆ ಒಮ್ಮೆ ಬೆನ್ನು ಬಾಗಿಸಿ ಓಡಿತು. ಹುಲ್ಲಿನ ಮೇಲೆ ನಾಲ್ಕು ಹನಿ ರಕ್ತ, ಅಷ್ಟೇ. ಆಗಲೇ ಮಾವನಿಗೆ ಹೇಳಿ ರಕ್ತದ ಜಾಡು ಹಿಡಿಯುವ ನಾಯಿ ತರಿಸಬೇಕಿತ್ತು. ಹೇಳಿದರೆ ಗುಂಡಿನ ಕತೆಯೂ ಹೊರಬೀಳುತ್ತೆ. ಭಾನುವಾರ ಬೇಟೆ ಸಂಘಕ್ಕೆ ಅವನನ್ನು ಸೇರಿಸಿಕೊಳ್ಳುವುದಿತ್ತು. ಮಾವ ಬೇಡ ಅಂದರೆ ಮುಗೀತು. ವರ್ಷಗಟ್ಟಲೆ ಕಾದಿದ್ದ, ಪಾಪ. ಬೆಳಗ್ಗೆ ಹುಡುಕಿದರಾಯ್ತು ಅಂತ ಆ ಹನಿಗಳಲ್ಲೇ ಕುಡಿ ಅದ್ದಿಕೊಂಡು ಹೊರಟ.

ಊರ ಬಾವಿಯ ಕಲ್ಲುದಾರಿ ಶುರುವಾದ ಮೇಲೆ ಹಿಂದೆ ಸದ್ದು... ಟಿಕ್... ಟಿಕ್... ಗೊರಸಿನದು. ಅವನು ನಿಂತರೆ ಅದೂ ನಿಂತಿತು. ಆಗ ಇನ್ನೊಂದು ಕೇಳಿಸಿತು. ಉಸಿರು. ತೂತಾದ ತಿದಿಯಿಂದ ಗಾಳಿ ಸೋರುವ ಹಾಗೆ... ಸುಂಯ್... ಸುಂಯ್...

ಬಾವಿಕಟ್ಟೆಯ ಮೇಲೆ ಸ್ತಾನೆ ಕೂತಿದ್ದರು. ಗುಂಡಿನ ಸದ್ದು ಕೇಳಿ ಅವನಿಗಾಗಿ ಕಾಯುತ್ತಿದ್ದರಂತೆ. ಟೋಪಿ ನೋಡಿದರು.

"ಬಿತ್ತಾ?"

"ಬಿತ್ತು ಮಾವ."

"ತುತ್ತು ಕೊಟ್ಯಾ?"

"ಕೊಟ್ಟೆ."

ಸುಂಯ್... ಈಗ ಕಿವಿಯ ಹಿಂದೆಯೇ. ಸ್ತಾನೆ ಅವನ ಹೆಗಲಾಚೆ ನೋಡಿದರು. ಮುಖ ಬಿಳಿಚಿಕೊಂಡಿತು.

"ತಿರುಗಬೇಡ," ಅಂತ ಪಿಸುಗುಟ್ಟಿದರು. "ನಿಜ ಹೇಳಿಬಿಡು."

ಟೋಪಿಯನ್ನು ಏನೋ ಎಳೆಯಿತು. ಕರ್ರ್... ಅಂತ ಸಣ್ಣ ಸದ್ದು. ಯೆರ್ನೆಯ್ ತಿರುಗದೆ ಒಪ್ಪಿಕೊಂಡ.

"ಹಂದಿ ಗುಂಡು ಹೊಡೆದೆ ಮಾವ... ಅದು ಸಿಗಲಿಲ್ಲ. ತುತ್ತು ಕೊಟ್ಟಿಲ್ಲ."

ಆಮೇಲೆ... ಟಿಕ್... ಟಿಕ್... ಗೊರಸು ಕಾಡಿನ ಕಡೆ ಹೋಯಿತು. ಏನು ನೋಡಿದಿರಿ ಅಂತ ಎಷ್ಟು ಕೇಳಿದರೂ ಸ್ತಾನೆ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.

ಬೆಳಕು ಹರಿಯುತ್ತಲೇ ಇಬ್ಬರೂ ನಾಯಿ ಕರೆದುಕೊಂಡು ಹೋದರು. ಅಟ್ಟಣೆಯಿಂದ ಕೂಗಳತೆಯ ಮುಳ್ಳುಪೊದೆಯಲ್ಲಿ ಜಿಂಕೆ ಬಿದ್ದಿತ್ತು, ಮೈ ಸೆಟೆದು ಕಟ್ಟಿಗೆಯಾಗಿ. ಗುಂಡು ತಗಲಿದ ಮೇಲೆ ಹೆಚ್ಚು ಹೊತ್ತು ಬದುಕಿರಲಿಲ್ಲ ಅಂದರು ಸ್ತಾನೆ. ತುತ್ತು ಕೊಡಲೆಂದು ಹೊಸ ಕುಡಿ ಮುರಿದು ಬಗ್ಗಿದವರು ಹಾಗೇ ನಿಂತುಬಿಟ್ಟರು. ಅದರ ಬಾಯಲ್ಲಿ ಆಗಲೇ ಅರ್ಧ ಕುಡಿ ಇತ್ತು.

ಭಾನುವಾರ ಯೆರ್ನೆಯ್‌ನನ್ನು ಸಂಘಕ್ಕೆ ಸೇರಿಸಿಕೊಳ್ಳಲಿಲ್ಲ. ಅವನೂ ಕೇಳಲಿಲ್ಲ.

ನಂಬದಿದ್ದರೆ ಬಿಡಿ. ಆ ಟೋಪಿ ಈಗಲೂ ಅವನ ಮನೆಯ ಗೋಡೆ ಮೊಳೆಯಲ್ಲಿದೆ, ಉಳಿದರ್ಧ ಕುಡಿ ಅದರಲ್ಲೇ ಇದೆ. ನಾನೇ ಮುಟ್ಟಿ ನೋಡಿದ್ದೇನೆ. ಚಾಕುವಿನಲ್ಲಿ ಕತ್ತರಿಸಿದ್ದಲ್ಲ. ಜಿಂಕೆಗೆ ಮೇಲಿನ ಮುಂಬಲ್ಲು ಇರಲ್ಲ ನೋಡಿ, ಎಳೆದು ಕೀಳುತ್ತೆ. ತುದಿ ಹಾಗೇ ನಾರುನಾರಾಗಿದೆ.