ಶುಕ್ರವಾರದ ಜೋಳ

ಜಾರಿಯಾ ಪಟ್ಟಣದ ಪಶು ಆಸ್ಪತ್ರೆಯ ಬೆಂಚಿನ ಮೇಲೆ ತಲಾತು ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಲಸಿಕೆಗೆ ಕಾದಿದ್ದಳು. ಡಾಕ್ಟರನ್ನು ಕಂಡು ಹೊರಬಂದ ಮುದುಕಿ ದೇಲು, ಸತ್ತ ಕೋಳಿಯನ್ನು ತೋರಿಸಲು ತಂದಿದ್ದ ಬುಟ್ಟಿಯೊಡನೆ ಪಕ್ಕದಲ್ಲಿ ಕುಸಿದು ಕೂತಳು. ಜೊತೆಗೆ ಅವಳ ನೆರೆಮನೆಯ ಗರ್ಬಾ, ಪಾರಿವಾಳ ಸಾಕುವವನು.

“ಒಂದು ಕೋಳಿನೂ ಉಳೀಲಿಲ್ಲ. ಲಸಿಕೆ ಹಾಕಿಸಿದ್ದೆ ಕಣೋ.”

“ಪಾರಿವಾಳದ ಮೈಯಲ್ಲಿ ಇದ್ದೂ ಇದ್ದೂ ರೋಗ ಬೇರೆ ಥರ ಆಗಿದೆಯಂತಲ್ಲ ಅಕ್ಕಾ. ಲಸಿಕೆ ಸಾಲಲಿಲ್ಲ ಅಂದ್ರು.”

“ನಿನ್ನ ಹಕ್ಕಿ ಕತ್ತು ತಿರುಚ್ಕೊಂಡಾಗ್ಲೇ ಹೇಳಬಾರದಿತ್ತಾ?”

“ಯಾರದೋ ಕಣ್ಣು ಬಿತ್ತು ಅಂದ್ಕೊಂಡೆ. ನಿಂದೇ ಅಂತಾನೂ ಅಂದ್ಕೊಂಡೆ.”

“ನಂಗೆ ನಿನ್ನ ಮನೆ ಬಾಗಿಲೇ ಸರಿಯಾಗಿ ಕಾಣಲ್ಲ, ಇನ್ನು ಹಕ್ಕಿ!”

“ಮತ್ತೆ ಶುಕ್ರವಾರ ಶುಕ್ರವಾರ ಅಂಗಳದಲ್ಲಿ ಜೋಳ ಚೆಲ್ಲಿ ಅವುನ್ನ ಕರೆದೋರು ಯಾರು?”

“ಅದು ಸತ್ತ ಗಂಡನ ಹೆಸರಲ್ಲಿ ಮಾಡೋ ದಾನ. ಕೋಳಿಗೊಂದು, ಪಾರಿವಾಳಕ್ಕೊಂದು ತಟ್ಟೆ ಇಡೋಕಾಗುತ್ತಾ?”

“ಇನ್ನು ಚೆಲ್ಲಬೇಡಿ ಅಂದ್ರಲ್ಲ ಡಾಕ್ಟರು.”

“ಹೂಂ. ನಡಿ, ಸಾಕಾಯ್ತು.”

ದೇಲು ಎದ್ದಳು. ಕೈಗೆ ರೂಢಿಯಾಗಿದ್ದಂತೆ ಬುಟ್ಟಿಯ ತಳದಲ್ಲಿದ್ದ ಕಾಳನ್ನು ಅಂಗಳಕ್ಕೆ ಕೊಡವಿ, ಗರ್ಬಾನ ಹಿಂದೆ ಗೇಟು ದಾಟಿದಳು. ಆಸ್ಪತ್ರೆಯ ಸೂರಿನಿಂದ ಪಾರಿವಾಳಗಳು ಇಳಿದವು. ಕೇಳುತ್ತ ಮೈಮರೆತಿದ್ದ ತಲಾತುವಿನ ಮಡಿಲಿಂದ ಕೋಳಿ ಜಿಗಿದು, ಅವುಗಳ ನಡುವೆ ನುಗ್ಗಿ ಕಾಳು ಹೆಕ್ಕತೊಡಗಿತು.