ಪೆಟ್ಟಿಗೆ ಹಿಂದಿನ ಬಿಸಿ

ಇಲ್ಲ ಅಂದ್ರೆ ಇಲ್ಲ! ಎಷ್ಟು ಸಲ ಹೇಳ್ಲಿ ನಿಂಗೆ? ನಾನು ಸಹಿ ಹಾಕಲ್ಲ. ಆ ಅರ್ಜೀನ ಮಡಚಿ ಬ್ಯಾಗಿಗೆ ಹಾಕ್ಕೋ. ಈ ತಗಡಿನ ಪೆಟ್ಟಿಗೇನೂ ನನ್ನ ಮೇಜಿನ ಮೇಲಿಂದ ಎತ್ತು. ಅಂಗಡಿ ಬಾಗಿಲು ಪೂರ್ತಿ ಮೇಲೆತ್ತೋಕೂ ಬಿಡದೆ ನುಗ್ಗಿ ಇದನ್ನ ಇಲ್ಲಿ ಕುಕ್ಕಿದೀಯಲ್ಲ, ನಾನು ಜನರ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ನೋಡ್ಲಾ, ನಿನ್ನ ಗೋಳು ಕೇಳ್ತಾ ಕೂರ್ಲಾ?

ಹಾಗೇನು ನೋಡ್ತೀಯ? ಅಣ್ಣಂಗೆ ಕರುಳಿಲ್ಲ ಅಂತಾನಾ? ಇಲ್ಲ ತಾಯಿ. ಇದ್ದ ಕರುಳೆಲ್ಲ ನಿಮ್ಮನ್ನ ಸಾಕೋದ್ರಲ್ಲೇ ಖರ್ಚಾಯ್ತು.

ಆಯ್ತು, ಕೊಡು, ಓದ್ತೀನಿ. ಅಷ್ಟಾದ್ರೂ ಮಾಡ್ತೀನಿ. ‘ಕೆಳಗೆ ಸಹಿ ಮಾಡಿರುವ ನಲವತ್ತೊಂದು ಮಂದಿಯಾದ ನಾವು...’ ಹೂಂ. ‘ಡಿಜಿಟಲ್ ನಾಣ್ಯ ಹುಟ್ಟಿಸುವ ಯಂತ್ರಗಳನ್ನು ತಾವೇ ತಯಾರಿಸುವುದಾಗಿ ನಂಬಿಸಿ ನಮ್ಮಿಂದ ಬಂಡವಾಳ ಪಡೆದು...’ ಹೂಂ ಹೂಂ. ‘ಕಂಪನಿಯ ಶೆಡ್ಡಿನ ಬೀಗ ತೆಗೆಸಿ ನೋಡಿದಾಗ ಅರವತ್ತು ಪೆಟ್ಟಿಗೆಗಳಲ್ಲಿ ಬರೀ ಫ್ಯಾನುಗಳಿದ್ದವು.’ ಅದರಲ್ಲೊಂದು ಈ ಪೆಟ್ಟಿಗೆ, ಹೂಂ. ಕೊನೇಲಿ ಸಹಿಗೆ ಜಾಗ ಬಿಟ್ಟಿದೀರಿ, ‘ಪರಿಶೀಲಿಸಿದ ಎಲೆಕ್ಟ್ರಿಷಿಯನ್’. ಅಬ್ಬಾ! ನಂಗೊಂದು ಪಟ್ಟ ಬೇರೆ ಕಟ್ಟಿದೀರಿ.

ಗೊತ್ತು, ಗೊತ್ತು. ನೆನ್ನೆನೇ ಫೋನಲ್ಲಿ ಹೇಳಿದ್ಯಲ್ಲ. ಕಸುಬು ಗೊತ್ತಿರೋನು ಒಬ್ಬ ಬರೆದುಕೊಡದಿದ್ರೆ ಪೊಲೀಸ್ನೋರು ವ್ಯಾಪಾರದಲ್ಲಿ ನಷ್ಟ ಆಗಿದೆ, ಹೋಗಿ ಬನ್ನಿ ಅಂತ ಫೈಲ್ ಮುಚ್ತಾರೆ. ಹನ್ನೊಂದು ಗಂಟೆಯೊಳಗೆ ಕೊಡಬೇಕು. ಊರಲ್ಲಿ ಬೇರೆ ಎಲೆಕ್ಟ್ರಿಷಿಯನ್ ಸತ್ತುಹೋಗಿದಾರಾ? ಓಹೋ... ನಮ್ಮಣ್ಣ ಮಾಡಿಕೊಡ್ತಾನೆ ಅಂತ ನಲವತ್ತು ಜನದ ಮುಂದೆ ಜಂಬ ಕೊಚ್ಚಿದೀಯ. ತಲೆ ಆಡಿಸ್ಬೇಡ, ನಿನ್ನ ಬುದ್ಧಿ ನಂಗೆ ಗೊತ್ತಿಲ್ವಾ?

ಅದಿರ್ಲಿ, ದುಡ್ಡು ಹಾಕೋ ಮುಂಚೆ ಒಂದು ಮಾತು ಕೇಳಿದ್ಯಾ ನನ್ನ? ಒಂದೇ ಒಂದು ಮಾತು! ಹನ್ನೆರಡು ವರ್ಷ ಕಟ್ಟಿದ ಟೈಲರ್ ಅಂಗಡಿ. ಆರು ಹೊಲಿಗೆ ಮೆಷಿನ್ನು, ಓವರ್‌ಲಾಕು, ಆ ದೊಡ್ಡ ಕಟಿಂಗ್ ಟೇಬಲ್ಲು... ಒಂದು ವಾರದಲ್ಲಿ ಮಾರಿ ಹೋಗಿ ಸುರಿದ್ಯಲ್ಲೇ! ಈಗ ಗಂಡ ಮಾತಾಡ್ಸಲ್ಲ, ಅಂಗಡೀಲಿ ಹೊಲೀತಿದ್ದ ಹೆಂಗಸರು ಮನೆ ಬಾಗಿಲಿಗೆ ಬಂದು ನಿಲ್ತಾರೆ, ನೀನು ಇಲ್ಲಿ ಬಂದು ಮೂಕಬಸವನ ಥರ ಕೂತಿದೀಯ.

ಯೋಚನೆ ಮಾಡ್ಬೇಕಿತ್ತು ಕಣೇ! ನಾಣ್ಯ ಹುಟ್ಟಿಸೋ ಮೆಷಿನ್ ಅಂತೆ. ಅದು ನಿಜವಾಗ್ಲೂ ನಾಣ್ಯ ಹುಟ್ಟಿಸೋದಾದ್ರೆ ಅವನು ನಿಂಗ್ಯಾಕೆ ಪಾಲು ಕೊಡ್ತಾನೆ? ಮನೆ ಬಾಗಿಲು ಹಾಕ್ಕೊಂಡು ತಾನೇ ಹುಟ್ಟಿಸ್ಕೊಳಲ್ವಾ? ಹೋಗ್ಲಿ, ಕಳ್ಳರಲ್ಲ, ಸಾಚಾ ಕಂಪನೀನೇ ಅಂತಿಟ್ಕೋ. ಆಗ್ಲೂ ಕಷ್ಟವೇ. ಒಂದು ಮೆಷಿನ್ನು ಒಂದು ಬೀದಿಯಷ್ಟು ಕರೆಂಟ್ ಕುಡಿಯುತ್ತೆ. ವರ್ಷ ತುಂಬೋದ್ರೊಳಗೆ ಅದಕ್ಕಿಂತ ಜೋರಾಗಿ ಓಡೋದು ಇನ್ನೊಂದು ಬರುತ್ತೆ. ನಾಣ್ಯದ ರೇಟ್ ಇಳೀತು ಅನ್ನು, ಮುಗೀತು, ಗುಜರಿಯೋನು ಕೂಡ ಮೂಸಲ್ಲ. ನಿನ್ನ ಹೊಲಿಗೆ ಮೆಷಿನ್ನು ಹಂಗಲ್ಲ, ಎಣ್ಣೆ ಬಿಟ್ರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ. ಅದನ್ನ ಕೊಟ್ಟು ಇದನ್ನ ತಗೊಂಡ್ಯಲ್ಲ! ಆ ಮ್ಯಾನೇಜರ್ ಹಲ್ಲುಕಿಸ್ಕ ಮೂಗಿಗೆ ತುಪ್ಪ ಸವರಿದ, ನೀವು ನಲವತ್ತೊಂದು ಜನ ಸಾಲಾಗಿ ಮೂಗು ಚಾಚಿದ್ರಿ.

ಯಾಕೆ ನಗ್ತೀಯ? ನಗೋ ಮಾತಾ ಇದು? ಹಲ್ಲುಕಿಸ್ಕ ಅಂದಿದ್ದಕ್ಕಾ? ಅವನನ್ನ ಎಲ್ಲರೂ ಹಂಗೇ ಕರೀತಾರೆ. ನಾನೇನು ಅವನ ಮುಖ ನೋಡಿದೀನಾ? ಆ ಶೆಡ್ಡಿನ ಕಡೆ ತಲೆ ಹಾಕಿ ಮಲಗಿದವನೂ ಅಲ್ಲ ನಾನು.

ಏಯ್, ಸ್ಕ್ರೂ ಮುಟ್ಬೇಡ! ಕೆಳಗಿಡು ಆ ಸ್ಕ್ರೂಡ್ರೈವರ್‌ನ. ಏನಿದೆ ಅದರೊಳಗೆ ನೋಡೋಕೆ? ಮುಂದೆ ಒಂದು ಫ್ಯಾನು, ಹಿಂದೆ ಒಂದು ಕಾಯಿಲ್ಲು, ಮಧ್ಯ ಬರೀ ಗಾಳಿ. ಇಷ್ಟಕ್ಕೆ ಬಿಚ್ಚಬೇಕಾ?

...

ಏನು? ಅರ್ಜಿ ಮೇಲೆ ಯಾಕೆ ಬೆರಳಿಡ್ತೀಯ? ಓದಿದ್ನಲ್ಲ. ‘ಬರೀ ಫ್ಯಾನುಗಳಿದ್ದವು’... ಹೂಂ, ಕಾಯಿಲ್ ಅಂತ ನೀವು ಬರೆದಿಲ್ಲ. ಬರೆದಿಲ್ಲ, ಸರಿ. ನಿಮಗೆ ಕಂಡಿಲ್ಲ. ಹಿಂದಿನ ಜಾಲರಿಗೆ ಅಂಟಿಕೊಂಡಿರುತ್ತೆ, ಗೊತ್ತಿಲ್ದೋರಿಗೆ ಕಾಣಲ್ಲ. ನಾನು ಮೂವತ್ತು ವರ್ಷದಿಂದ ಇದೇ ಕಸುಬು ಮಾಡ್ತಿಲ್ವಾ? ಊಹೆ ಮಾಡ್ದೆ. ಬಿಸಿ ಗಾಳಿ ಬರ್ತಿತ್ತು ಅಂದ್ಮೇಲೆ ಕಾಯಿಲ್ ಇರ್ಲೇಬೇಕಲ್ಲ! ಕಸುಬಿನೋನಿಗೆ ಇಷ್ಟೂ ತಿಳಿಯಲ್ವಾ? ನನ್ನನ್ನೇ ಪರೀಕ್ಷೆ ಮಾಡೋಕೆ ಬಂದಿದೀಯಾ?

ತಪ್ಪು ನಿಂದು. ಬಾಯಿ ಬಿಟ್ಟು ಹೇಳ್ತೀನಿ ಕೇಳು, ಪೂರ್ತಿ ನಿಂದೇ ತಪ್ಪು. ಬಿಲ್ ಕೇಳ್ಲಿಲ್ಲ, ಮೀಟರ್ ನೋಡ್ಲಿಲ್ಲ, ಮುಚ್ಚಳ ತೆಗೀರಿ ಅನ್ಲಿಲ್ಲ. ಎಡಗೈ ವಾಚ್ ಬಿಚ್ಚಿ ಬಲಗೈಲಿ ಹಿಡ್ಕೊಂಡು, ಪೆಟ್ಟಿಗೆ ಹಿಂದೆ ಅಂಗೈ ಇಟ್ಟು, ಡಾಕ್ಟರಮ್ಮನ ಥರ ಕಣ್ಣು ಮುಚ್ಕೊಂಡು ನಿಂತ್ರೆ ಆಯ್ತಾ? ಅದಾ ಪರೀಕ್ಷೆ ಮಾಡೋ ರೀತಿ? ಯಾರಾದ್ರೂ...

...

ಏನಾಯ್ತು?

ನೀನೇ ಹೇಳಿದ್ಯಲ್ಲ. ವಾಚಿಂದು. ಫೋನಲ್ಲಿ... ನೆನ್ನೆ ಹೇಳಿದ್ಯಲ್ಲ.

ಹೇಳ್ಲಿಲ್ವಾ?

ಹಾಗಾದ್ರೆ ನಿನ್ನ ಗಂಡ ಹೇಳಿರಬೇಕು. ಅವನೂ ಬಂದಿರ್ಲಿಲ್ಲ... ಹೌದು, ನೀನೊಬ್ಳೇ ಬಂದಿದ್ದೆ. ಬಂದಿದ್ದೆ ಅಂದ್ರೆ... ಹೋಗಿದ್ದೆ. ಅಲ್ಲಿಗೆ ಹೋಗಿದ್ದೆ. ನೋಡು, ಮಾತಲ್ಲಿ ಸಿಕ್ಕಿಸ್ಬೇಡ ನನ್ನ! ನಂಗೆ ಹುಚ್ಚು ಹಿಡಿಸ್ಬೇಡ! ಬೈಯೋದಾದ್ರೆ ಬೈ ಕಣೇ!

ಮೂರು ತಿಂಗಳಿಂದ ನನ್ನ ಅಂಗಡೀಲಿ ಕೆಲಸ ಇರ್ಲಿಲ್ಲ. ಈಗ ಯಾರು ರಿಪೇರಿ ಮಾಡಿಸ್ತಾರೆ? ಕೆಟ್ರೆ ಎಸೆದು ಹೊಸಾದು ತರಿಸ್ಕೋತಾರೆ. ಆಗ ಬಂದ ಹಲ್ಲುಕಿಸ್ಕ. ಪ್ರದರ್ಶನಕ್ಕೆ ಮಾದರಿ ಬೇಕು, ಅಸಲಿ ಮೆಷಿನ್ನು ಮುಂದಿನ ತಿಂಗಳು ಬರುತ್ತೆ ಅಂದ. ಅರವತ್ತು ಪೆಟ್ಟಿಗೆ. ಮೊದಲು ಬರೀ ಫ್ಯಾನ್ ಹಾಕಿಕೊಟ್ಟೆ. ಆಮೇಲೆ ಫೋನ್ ಮಾಡ್ದ. ಗಾಳಿ ತಣ್ಣಗಿದ್ರೆ ತಿಳಿದೋರು ಅನುಮಾನ ಪಡ್ತಾರೆ, ಬಿಸಿ ಬರ್ಬೇಕು ಅಂದ. ಕೂದಲು ಒಣಗಿಸೋ ಮೆಷಿನ್ನಿನ ಹಳೇ ಕಾಯಿಲ್ಲು ಒಂದು ಮೂಟೆ ಇತ್ತು ನನ್ನ ಹತ್ರ. ಹಾಕ್ದೆ. ಬಿಸಿ ಏರಿಸಿ ಇಳಿಸೋಕೆ ಎಲ್ಲಕ್ಕೂ ಸೇರಿಸಿ ಒಂದೇ ರೆಗ್ಯುಲೇಟರ್. ಕೆಲಸ ಅಚ್ಚುಕಟ್ಟಾಗಿ ಮಾಡಿದ್ದೆ, ಸುಳ್ಳು ಹೇಳ್ತಿಲ್ಲ, ಖುಷೀನೂ ಆಗಿತ್ತು. ಮಾದರಿ ಅಂದಿದ್ನಲ್ಲ! ಮಾದರಿ ಮಾಡಿಕೊಡೋದು ಅಪರಾಧಾನಾ?

ಗೊತ್ತಾಗಿತ್ತು. ಸರಿ, ಗೊತ್ತಾಗಿತ್ತು. ತಿಳಿದೋರು ಅನುಮಾನ ಪಡ್ತಾರೆ ಅಂದಾಗ್ಲೇ ಗೊತ್ತಾಯ್ತು. ನಾನೇನು ಎಳೇ ಮಗು ಅಲ್ಲ. ಆದ್ರೆ ಯಾರೋ ಬರ್ತಾರೆ, ದುಡ್ಡು ಜಾಸ್ತಿ ಇದ್ದೋರು ಯಾರೋ ಬರ್ತಾರೆ, ಕಳ್ಕೊಂಡ್ರೆ ಕಳ್ಕೋತಾರೆ ಅನ್ಕೊಂಡೆ. ನೀನು ಬರ್ತೀಯ ಅಂತ ದೇವರಾಣೆ ಗೊತ್ತಿರ್ಲಿಲ್ಲ.

ಅವತ್ತು ಪ್ಲೈವುಡ್ ಅಡ್ಡಗೋಡೆ ಹಿಂದೆ, ಸ್ವಿಚ್ ಬೋರ್ಡಿನ ಹತ್ರ ಕೂತಿದ್ದೆ. ಸಂದೀಲಿ ಕಾಣ್ತಿತ್ತು. ನೀನು ಬಂದೆ. ವಾಚ್ ಬಿಚ್ಚಿದೆ. ನಾನೇ ತಾನೇ ಹೇಳಿಕೊಟ್ಟಿದ್ದು ಅದನ್ನ? ನಿನ್ನ ಮೊದಲನೇ ಹೊಲಿಗೆ ಮೆಷಿನ್ನಿಗೆ ಮೋಟಾರ್ ಕೂರಿಸಿದ ದಿನ. ದುಡಿಯೋ ಮೆಷಿನ್ನು ಬಿಸಿ ಆಗ್ಲೇಬೇಕು, ಬಾಯಿಮಾತು ನಂಬ್ಬೇಡ, ಹಿಂದೆ ಅಂಗೈ ಇಟ್ಟು ನೋಡು ಅಂತ. ಹದಿನೆಂಟು ವರ್ಷ ನೆನಪಿಟ್ಕೊಂಡಿದೀಯ, ಕತ್ತೆ. ನಾನು ಬೇರೆ ಏನೇನೋ ಹೇಳಿದ್ದೆ, ಅದೆಲ್ಲ ನೀನು ಮರೆತೆ!

ಹೊರಗೆ ಬಂದು ಕೈ ಹಿಡಿದು ಎಳ್ಕೊಂಡು ಹೋಗ್ಬಹುದಿತ್ತು. ಕೂಗಬಹುದಿತ್ತು. ಸುಮ್ನೆ ಫ್ಯೂಸ್ ಕಿತ್ತಿದ್ರೂ ಸಾಕಿತ್ತು, ಎಲ್ಲ ನಿಂತುಹೋಗ್ತಿತ್ತು. ಮಾಡ್ಲಿಲ್ಲ. ಕೂಲಿ ಇನ್ನೂ ಕೈಗೆ ಬಂದಿರ್ಲಿಲ್ಲ... ಅದೂ ಅಲ್ಲ. ಅಲ್ಲಿ ಕೂತಿರೋ ನನ್ನನ್ನ ನೀನು ನೋಡ್ಬಾರ್ದಿತ್ತು. ಅಷ್ಟೇ. ನೋಡ್ಬಾರ್ದಿತ್ತು ನೀನು.

ನಿಂತ್ಕೊಂಡ್ಯಾಕೆ? ಕೂತ್ಕೋ. ಇನ್ನೂ ಮುಗಿದಿಲ್ಲ... ಮುಗೀತು. ಇಷ್ಟೇ. ಇನ್ನೇನೂ ಇಲ್ಲ.

ಯಾಕೆ ಅಂಗೈ ನೋಡ್ಕೋತೀಯ? ಹಂಗೆ ನೋಡ್ಬೇಡ ಅದನ್ನ.

...

ನೀನು ಕೈ ಇಟ್ಟೆ, ಮುಖ ಸಿಂಡರಿಸ್ದೆ. ಬಿಸಿ ಸಾಲದು ಅಂತ ನಿನ್ನ ಹುಬ್ಬಲ್ಲೇ ಗೊತ್ತಾಯ್ತು. ನೀನು ಕೈ ತೆಗೆದು ಹೊರಟೇಬಿಡ್ತಿದ್ದೆ. ಹಲ್ಲುಕಿಸ್ಕ ಅಡ್ಡಗೋಡೆ ಕಡೆ ನೋಡ್ದ. ಅವನು ಸನ್ನೆ ಏನೂ ಮಾಡ್ಲಿಲ್ಲ. ಬರೀ ನೋಡ್ದ. ನಾನು... ರೆಗ್ಯುಲೇಟರ್ ತಿರುಗಿಸ್ದೆ. ಎರಡರಲ್ಲಿತ್ತು, ನಾಲ್ಕಕ್ಕೆ ಇಟ್ಟೆ. ಕೈ ಜಾರಲಿಲ್ಲ, ಯಾರೂ ನನ್ನ ಕತ್ತು ಹಿಡಿದಿರ್ಲಿಲ್ಲ. ನಾನೇ ತಿರುಗಿಸ್ದೆ.

ಆಮೇಲೆ ನಿನ್ನ ಮುಖ ಅರಳ್ತು. ಹಲ್ಲುಕಿಸ್ಕನ ಕಡೆ ತಿರುಗಿ, ‘ನಮ್ಮಣ್ಣ ಹೇಳಿಕೊಟ್ಟಿರೋದು ಸರ್ ಇದು, ಅವನು ಯಾವತ್ತೂ ಸುಳ್ಳು ಹೇಳಲ್ಲ’ ಅಂದೆ.

ಕೇಳಿಸ್ತು ಕಣೇ. ಪ್ಲೈವುಡ್ಡು ತುಂಬಾ ತೆಳ್ಳಗಿತ್ತು.