ಹತ್ತಿ ವಖಾರದ ಮುಚ್ಚಿದ ಕಿಟಕಿ

ನಾನು ಮಕ್ತುಮ್ ಸಾಬ್, ತಂದೆ ಲಾಲ್ ಸಾಬ್, ವಯಸ್ಸು 56, ಗಾರೆ ಕೆಲಸ, ವಾಸ ಆಜಾದ್ ನಗರ, ದಾವಣಗೆರೆ. ಠಾಣೆಗೆ ಕರೆಸಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಮಂಡಿಪೇಟೆಯ ಬ್ಯಾಂಕ್ ಕಟ್ಟಡ ಮೊದಲು ಗೋಣೆಪ್ಪ ಸಾಹುಕಾರರ ಹತ್ತಿ ವಖಾರ. 1971ರಲ್ಲಿ ಬ್ಯಾಂಕು ಬಾಡಿಗೆಗೆ ಬಂತು. ಹಿಂದಿನ ಕೋಣೆಯನ್ನು ಸ್ಟ್ರಾಂಗ್ ರೂಮ್ ಮಾಡಿದವನು ನಾನೇ. ಅದಕ್ಕೆ ಗಲ್ಲಿಯ ಕಡೆ ಹತ್ತಿಯ ಅಂಡಿಗೆ, ಅಂದರೆ ಮೂಟೆ, ಇಳಿಸುವ ಮೂರಡಿ ಕಿಟಕಿಯಿತ್ತು. ಸಿಮೆಂಟಿನಲ್ಲಿ ಮುಚ್ಚಬೇಕೆಂದು ಬ್ಯಾಂಕಿನವರ ಕರಾರು. ಆದರೆ ಸಾಹುಕಾರರು, ಬ್ಯಾಂಕು ಐದು ವರ್ಷಕ್ಕೆ ಎದ್ದು ಹೋಗುತ್ತದೆ, ಆಮೇಲೆ ನನಗೆ ಕಿಟಕಿ ಬೇಕು, ಮಣ್ಣಿನಲ್ಲೇ ಕಟ್ಟಿ ಮೇಲೆ ಸಿಮೆಂಟ್ ಬಳಿ ಎಂದರು. ಹಾಗೇ ಮಾಡಿದೆ. ಸಾಹುಕಾರರು ತೀರಿಕೊಂಡರು, ಬ್ಯಾಂಕು ಹೋಗಲಿಲ್ಲ. ಹನ್ನೊಂದು ವರ್ಷ ಆ ಗಲ್ಲಿಯಲ್ಲಿ ತಲೆ ತಗ್ಗಿಸಿಯೇ ಓಡಾಡಿದ್ದೇನೆ.

ನಿನ್ನೆ ದಿನಾಂಕ 20-2-1982 ಶನಿವಾರ ಮಧ್ಯಾಹ್ನ 3-10ಕ್ಕೆ ಅದೇ ಗಲ್ಲಿಯಲ್ಲಿ ಚರಂಡಿ ಕಟ್ಟುತ್ತಿದ್ದಾಗ ಗೋಡೆಯೊಳಗಿಂದ ಗುದ್ದುವ ಸದ್ದು ಬಂತು. ಕಿವಿ ಹಚ್ಚಿದೆ. ಕೂಗುತ್ತಿದ್ದವಳು ಬ್ಯಾಂಕಿನ ಕಸ ಗುಡಿಸುವ ಕೊಟ್ರವ್ವ. ಸ್ಟ್ರಾಂಗ್ ರೂಮಿನೊಳಗೆ ಬೀರುವಿನ ಹಿಂದೆ ಧೂಳು ಹೊಡೆಯುತ್ತಿದ್ದಾಗ 2-15ಕ್ಕೆ ಬಾಗಿಲು ಹಾಕಿಕೊಂಡು ಹೋಗಿದ್ದರು. ಆ ಬಾಗಿಲಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ್ ರಾಮಚಂದ್ರಪ್ಪನವರ ಹತ್ತಿರ, ಇನ್ನೊಂದು ಕ್ಯಾಶಿಯರ್ ಮಾಲತೇಶಪ್ಪನವರ ಹತ್ತಿರ. ಎರಡೂ ತಿರುಗಿದರೇ ತೆರೆಯುವುದು. ಇವರು ಒಳಗೆ ನೋಡಿರುತ್ತಾರೆಂದು ಅವರು, ಅವರು ನೋಡಿರುತ್ತಾರೆಂದು ಇವರು. ಥೂ, ಇಬ್ಬರೂ ಓದಿದವರು.

ವಿದ್ಯಾನಗರಕ್ಕೆ ಸೈಕಲ್ ತುಳಿದು 3-40ಕ್ಕೆ ಮ್ಯಾನೇಜರರನ್ನು ಕರೆತಂದೆ. ಮಾಲತೇಶಪ್ಪನವರ ಮನೆ 14 ಕಿ.ಮೀ. ದೂರದ ಹರಿಹರದಲ್ಲಿ. ಮ್ಯಾನೇಜರರು ಕಳಿಸಿದ ಕಾರು 4-50ಕ್ಕೆ ಬರಿದೇ ವಾಪಸ್ ಬಂತು. ಮನೆಗೆ ಬೀಗ, ಮದುವೆಗೆ ಹೋದವರು ಸೋಮವಾರ ಬರುತ್ತಾರೆಂದು ನೆರೆಯವರು ಹೇಳಿದರಂತೆ. ಗೋಡೆ ಒಡೆಯೋಣವೆಂದೆ. ಮೇಲಿನ ಆಫೀಸಿನ ಅಪ್ಪಣೆಯಿಲ್ಲದೆ ಮುಟ್ಟಬಾರದು, ಟ್ರಂಕ್ ಕಾಲ್ ಬುಕ್ ಮಾಡಿದ್ದೇನೆ, ಕಾಯಿರಿ ಎಂದು ಮ್ಯಾನೇಜರರು ಅಂದರು. ಗುದ್ದುವ ಸದ್ದು ಸಣ್ಣದಾಗುತ್ತಿತ್ತು.

"ಸಾಬಣ್ಣ, ಉಸಿರು ಕಟ್ತೈತೆ, ಬಿಟ್ಟು ಹೋಗಬ್ಯಾಡ" ಎಂದಳು ಕೊಟ್ರವ್ವ.

5-05ಕ್ಕೆ ಆ ಮುಚ್ಚಿದ ಕಿಟಕಿಗೆ ಹಾರೆ ಹಾಕಿದೆ. ಮ್ಯಾನೇಜರರು ಕೈ ಹಿಡಿದರು, ಕೊಡವಿದೆ. ಎಂಟು ನಿಮಿಷಕ್ಕೆ ಆಳು ನುಸುಳುವಷ್ಟು ತೂತಾಯಿತು. ಸಿಮೆಂಟಿನ ಕೆಲಸವಾಗಿದ್ದರೆ ಎಂಟು ನಿಮಿಷಕ್ಕೆ ಒಂದು ಇಟ್ಟಿಗೆಯೂ ಕದಲುತ್ತಿರಲಿಲ್ಲ. ಕೊಟ್ರವ್ವನ ರಟ್ಟೆ ಹಿಡಿದು ಎಳೆದುಕೊಂಡೆ. ಗುದ್ದಿ ಗುದ್ದಿ ಅವಳ ಬೆರಳ ಗೆಣ್ಣುಗಳು ಸುಲಿದಿದ್ದವು. ನೀರು ಕೇಳಿದಳು. ಮ್ಯಾನೇಜರರು ಅವಳ ಕಡೆ ನೋಡಲಿಲ್ಲ. ಕೆಳಗೆ ಬಿದ್ದ ಮಣ್ಣನ್ನು ಬೆರಳಲ್ಲಿ ಪುಡಿ ಮಾಡಿ ನೋಡಿ, ಇದು ಯಾರ ಕೆಲಸ ಎಂದು ಕೇಳಿದರು. ನನ್ನದೇ ಎಂದೆ.

ಮೋಸ ಮಾಡಿದ್ದು ನಿಜ, ಬರೆದುಕೊಳ್ಳಿರಿ. ಆ ತೂತನ್ನು ಸಿಮೆಂಟಿನಲ್ಲಿ ಮುಚ್ಚಬೇಕೆಂದು ಬ್ಯಾಂಕಿನವರು ಇವತ್ತು ಬೆಳಿಗ್ಗೆ ಹೇಳಿಕಳಿಸಿದ್ದಾರೆ. ಕೂಲಿಯಿಲ್ಲದೆ ಮುಚ್ಚಿಕೊಡುತ್ತೇನೆ. ಆದರೆ ಇನ್ನು ಮುಂದೆ ಬಾಗಿಲು ಹಾಕುವ ಮುಂಚೆ ಮ್ಯಾನೇಜರು, ಕ್ಯಾಶಿಯರು ಇಬ್ಬರೂ ಒಳಗೆ ಹೋಗಿ ಕೊಟ್ರವ್ವನ ಹೆಸರು ಹಿಡಿದು ಕೂಗುತ್ತೇವೆಂದು ಬರೆದುಕೊಡಲಿ. ಅಲ್ಲಿಯವರೆಗೆ ನಾನು ಇಟ್ಟಿಗೆ ಮುಟ್ಟುವುದಿಲ್ಲ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ದಾವಣಗೆರೆ
ದಿನಾಂಕ: 21-2-1982
ಮಕ್ತುಮ್ ಸಾಬ್, ಎಡಗೈ ಹೆಬ್ಬೆಟ್ಟಿನ ಗುರುತು